ಸಹಾಯ ಬೇಕು: ಕರುಳಿನ ಕ್ಯಾನ್ಸರ್ ಆಪರೇಷನ್, ಮೆಸೆಂಟರಿ ಬಗ್ಗೆ
ಎಲ್ರಿಗೂ ನಮಸ್ಕಾರ, ಅಪ್ಪಂಗೆ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್, ಮುಂದಿನ ವಾರ ಆಪರೇಷನ್. ಡಾಕ್ಟ್ರು ಚೀಟಿ ಮೇಲೆ ಬೀಸಣಿಗೆ ತರ ಚಿತ್ರ ಬರೆದು, ಇದೇ ಮೆಸೆಂಟರಿ, ಕರುಳನ್ನ ಹೊಟ್ಟೆಯ ಹಿಂಗೋಡೆಗೆ ಹಿಡಿದಿಟ್ಟಿರೋ ಪದರ, ರಕ್ತನಾಳ, ಲಿಂಫ್ ನೋಡ್ (ಸೋಂಕಿನ ವಿರುದ್ಧ ಕೆಲಸ ಮಾಡೋ ಸಣ್ಣ ಗಂಟುಗಳು) ಎಲ್ಲಾ ಇದರೊಳಗೇ ಇರತ್ತೆ, ಕ್ಯಾನ್ಸರ್ ಹರಡೋ ಒಂದು ಮುಖ್ಯ ದಾರಿನೂ ಇದೇ, ಅದಕ್ಕೆ ಗಡ್ಡೆ ಜೊತೆ ಆ ಭಾಗದ ಮೆಸೆಂಟರೀನೂ ಹರಿಯದ ಹಾಗೆ ಇಡಿಯಾಗಿ ತೆಗೀಬೇಕು ಅಂದ್ರು. ಪರೀಕ್ಷೆಗೆ ಕಮ್ಮಿ ಅಂದ್ರೂ 12 ನೋಡ್ ಸಿಗಬೇಕಂತೆ. ರೆಕ್ಟಮ್ (ದೊಡ್ಡ ಕರುಳಿನ ಕೊನೇ ಭಾಗ, ಗುದನಾಳ) ಆಪರೇಷನ್‌ಗೆ ಈ ರೀತೀನ 1982ರಲ್ಲೇ ಹೀಲ್ಡ್ ಅನ್ನೋ ಸರ್ಜನ್ ಬರೆದಿದ್ರು ಅಂತ ಓದಿದೆ.

ಈ ಆಪರೇಷನ್ ಆದವರು, ಮನೇಲಿ ನೋಡ್ಕೊಂಡವರು ದಯವಿಟ್ಟು ಹೇಳಿ, ಮೆಸೆಂಟರಿ ಪೂರ್ತಿ ಬಂದಿದೆಯಾ ಅಂತ ತೆಗೆದ ಭಾಗ ಪರೀಕ್ಷೆ ಮಾಡಿ ಕೊಡೋ ಪೆಥಾಲಜಿ ರಿಪೋರ್ಟಲ್ಲಿ ಎಲ್ಲಿ ನೋಡ್ಬೇಕು, ಸರ್ಜನ್ ಹತ್ರ ಮುಂಚೇನೇ ಏನೇನು ಕೇಳ್ಬೇಕು? ಅಪ್ಪ ಆ ಚೀಟಿ ಮಡಚಿ ಜೇಬಲ್ಲೇ ಇಟ್ಕೊಂಡಿದಾರೆ, ದಿನಾ ತೆಗೆದು ನೋಡ್ತಾರೆ.