ಕಾರಿನ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಬದಲಿಸಲು ನಿಮಗೆ ಎಷ್ಟು ಖರ್ಚಾಯಿತು?

ಪ್ರಶ್ನೆ:
ನಮ್ಮದು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 54,000 ಕಿ.ಮೀ. ಓಡಿದೆ. ಕಂಪನಿ ಸರ್ವಿಸ್ ಸೆಂಟರ್‌ಗೆ ಬಿಟ್ಟಿದ್ದೆ. ಮುಂದಿನ ಪ್ಯಾಡ್ ಸವೆದಿದೆ, ಜೊತೆಗೆ ಡಿಸ್ಕ್ (ಚಕ್ರದ ಜೊತೆ ತಿರುಗೋ, ಪ್ಯಾಡ್ ಒತ್ತಿ ಹಿಡಿಯೋ ಕಬ್ಬಿಣದ ತಟ್ಟೆ) ಕೂಡ ಹೊಸದು ಹಾಕಬೇಕು ಅಂತ 9,800 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಪ್ಯಾಡ್ 2,300, ಎರಡು ಡಿಸ್ಕ್ 5,000, ಬ್ರೇಕ್ ಆಯಿಲ್ 500, ಬ್ರೇಕ್ ಕ್ಲೀನಿಂಗ್ 700, ಲೇಬರ್ 1,300. ಬ್ರೇಕ್ ಒತ್ತಿದಾಗ ಕೀಚ್ ಅಂತ ಸದ್ದು ಬರುತ್ತೆ, ಬೇರೆ ತೊಂದರೆ ಗೊತ್ತಾಗಿಲ್ಲ. ಇರೋದು ಬೆಂಗಳೂರು, ಊರು ಕಾರ್ಕಳ. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರ್ಕೊಂಡು ಘಾಟಿ ಇಳೀಬೇಕು. ಇಷ್ಟು ಖರ್ಚು ಸರಿಯಾ? ಹೊರಗಡೆ ಮಾಡಿಸಬಹುದಾ? ಮಾಡಿಸಿದವರು ದಯವಿಟ್ಟು ಹೇಳಿ.

ರಾಜಾಜಿನಗರ, ಐ10:
ಕಳೆದ ವರ್ಷ ಮನೆ ಹತ್ತಿರದ ಗ್ಯಾರೇಜಲ್ಲಿ ಮಾಡಿಸಿದೆ. ಕಂಪನಿ ಪ್ಯಾಡ್ (ಕಾರು ಕಂಪನಿಯ ಹೆಸರಲ್ಲೇ ಬರೋದು) ನಾನೇ ಜೆ.ಸಿ. ರಸ್ತೆಯಿಂದ ತಂದುಕೊಟ್ಟೆ, ಎರಡು ಸಾವಿರದೊಳಗೆ ಸಿಕ್ಕಿತು. ಲೇಬರ್ 400. ಡಿಸ್ಕ್ ಮುಟ್ಟಲಿಲ್ಲ, ಈಗಲೂ ಚೆನ್ನಾಗಿದೆ. ಅಂಗಡಿಗೆ ಹೋಗುವಾಗ ಆರ್‌ಸಿ ಫೋಟೋ ಇಟ್ಕೊಂಡಿರಿ. ಒಂದೇ ಮಾಡೆಲ್‌ನಲ್ಲಿ ವರ್ಷ ಬದಲಾದರೆ ಪ್ಯಾಡ್ ಬೇರೆ ಆಗಿರಬಹುದು, ಚಾಸಿ ನಂಬರ್ ಹೇಳಿದರೆ ಸರಿಯಾದ್ದನ್ನೇ ತೆಗೆದುಕೊಡ್ತಾರೆ.

ತುಮಕೂರು, ಗ್ಯಾರೇಜ್ ನಡೆಸುವವರು:
ಸರ್, ನಿಮ್ಮ ಎಸ್ಟಿಮೇಟ್‌ನಲ್ಲಿ ಪ್ಯಾಡಿನ ರೇಟು ಹೆಚ್ಚೇನಲ್ಲ. ಸಣ್ಣ ಕಾರುಗಳಿಗೆ ಕಂಪನಿ ಪ್ಯಾಡ್ ಸೆಟ್ ನಾನು ಸಾಮಾನ್ಯವಾಗಿ 1,600ರಿಂದ 2,500ರೊಳಗೆ ತರುತ್ತೇನೆ. ಟಿವಿಎಸ್ ಗರ್ಲಿಂಗ್, ರಾಣೆ, ಬಾಷ್ ತರದ ಹೆಸರಿರುವ ಕಂಪನಿಯದ್ದಾದರೆ ಸಾವಿರದ ಆಚೀಚೆಯಿಂದ ಶುರು. ಸೆಟ್ ಅಂದರೆ ನಾಲ್ಕು ಪ್ಯಾಡ್, ಮುಂದಿನ ಎರಡೂ ಚಕ್ರಕ್ಕೆ ಸೇರಿ. ಒಂದೇ ಕಡೆ ಹಾಕಿ ಇನ್ನೊಂದು ಕಡೆ ಹಳೆಯದನ್ನು ಬಿಟ್ಟರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಅದಕ್ಕೇ ಯಾವಾಗಲೂ ಜೋಡಿಯಾಗಿ ಹಾಕುವುದು.

ಖರ್ಚು ಏರಿರುವುದು ಡಿಸ್ಕಿನಿಂದ. ಡಿಸ್ಕ್ ಹಾಕಲೇಬೇಕೋ ಬೇಡವೋ ಅನ್ನುವುದನ್ನು ಯಾರೂ ಕಣ್ಣಳತೆಯಲ್ಲಿ ಹೇಳುವ ಹಾಗಿಲ್ಲ. ಎಷ್ಟು ದಪ್ಪಕ್ಕಿಂತ ಕಮ್ಮಿ ಆಗಬಾರದು ಅನ್ನುವ ಅಂಕಿ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿದು ನಾಲ್ಕಾರು ಜಾಗದಲ್ಲಿ ಅಳೆದರೆ ಐದು ನಿಮಿಷದ ಕೆಲಸ. ನಿಮ್ಮೆದುರು ಅಳೆಯಲು ಹೇಳಿ, ಅಂಕಿಯನ್ನು ಜಾಬ್ ಕಾರ್ಡ್ (ಸರ್ವಿಸಿನವರ ಕೆಲಸದ ಚೀಟಿ) ಮೇಲೆ ಬರೆಸಿಕೊಳ್ಳಿ. ಅಚ್ಚಾದ ಅಂಕಿಗಿಂತ ಕೆಳಗಿದ್ದರೆ, ಬಿರುಕು ಬಿಟ್ಟಿದ್ದರೆ, ಆಳವಾದ ಗೀರು ಬಿದ್ದಿದ್ದರೆ ಚೌಕಾಸಿ ಮಾಡದೆ ಹಾಕಿಸಿ. ಇಲ್ಲದಿದ್ದರೆ ಆ 5,000 ಉಳಿಯುತ್ತದೆ. ಇನ್ನೊಂದು ಗುರುತು: 80ರ ವೇಗದಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ಲೋ ಸ್ಟೇರಿಂಗೋ ನಡುಗಿದರೆ ಡಿಸ್ಕ್ ಎಲ್ಲ ಕಡೆ ಒಂದೇ ಸಮ ಇಲ್ಲ ಅಂತ ಅರ್ಥ. ನೀವು ಹಾಗೇನೂ ಹೇಳಿಲ್ಲ.

ಆ ಕೀಚ್ ಸದ್ದಿನ ಬಗ್ಗೆ. ಬಹಳಷ್ಟು ಪ್ಯಾಡುಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀರಲು ಶುರುವಾಗುತ್ತದೆ. ಬದಲಿಸಿ ಅಂತ ಹೇಳಲೆಂದೇ ಅದನ್ನು ಇಟ್ಟಿರುವುದು. ಮಳೆಗಾಲದ ಬೆಳಿಗ್ಗೆ ಮೊದಲ ಎರಡು ಬ್ರೇಕಿಗೆ ಸದ್ದಾಗಿ ಆಮೇಲೆ ನಿಂತರೆ ಅದು ಡಿಸ್ಕಿನ ಮೇಲಿನ ತುಕ್ಕಿನ ಪದರ, ಯೋಚನೆ ಬೇಡ. ದಿನವಿಡೀ ಬರುತ್ತಿದ್ದರೆ ಪ್ಯಾಡ್ ಮುಗಿದಿದೆ. ಕೀಚ್ ಹೋಗಿ ಗರಗರ ಅಂತ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂತೆಂದರೆ ಡಿಸ್ಕನ್ನೇ ತಿನ್ನಲು ಶುರುಮಾಡಿದೆ. ಆಗ ಎರಡು ಸಾವಿರದ ಕೆಲಸ ನಿಜವಾಗಿಯೂ ಎಂಟು ಸಾವಿರಕ್ಕೆ ಹೋಗುತ್ತದೆ.

ಹೊಸ ಪ್ಯಾಡಿನಲ್ಲಿ ಉಜ್ಜುವ ಭಾಗ ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ನಾನು ಬದಲಿಸಿ ಅನ್ನುತ್ತೇನೆ. ಚಕ್ರದ ಸಂದಿಯಿಂದ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಪಿಸ್ಟನ್ (ಬ್ರೇಕ್ ಒತ್ತಿದಾಗ ಮುಂದೆ ಬಂದು ಪ್ಯಾಡನ್ನು ಒತ್ತುವ ಭಾಗ) ಕಡೆ ಇರುವ ಒಳಗಿನದು ಅನೇಕ ಸಲ ಅದಕ್ಕಿಂತ ಹೆಚ್ಚು ಸವೆದಿರುತ್ತದೆ. ಚಕ್ರ ಬಿಚ್ಚಿಸಿ ಎರಡನ್ನೂ ನೋಡಿ.

ಕ್ಲೀನಿಂಗ್ 700 ಪ್ರತ್ಯೇಕ ಹಾಕಿರುವುದು ನನಗೆ ಒಪ್ಪಿಗೆಯಿಲ್ಲ. ಪ್ಯಾಡ್ ಹಾಕಬೇಕಾದರೆ ಹೇಗೂ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಬೇಕು, ಒರೆಸಬೇಕು, ಅದು ಜಾರುವ ಪಿನ್ನಿಗೆ ಗ್ರೀಸ್ ಹಚ್ಚಬೇಕು. ಅದೆಲ್ಲ ಅದೇ ಲೇಬರಿನಲ್ಲಿ ಬರುವಂಥದ್ದು. ಹಿಂದಿನ ಚಕ್ರದ ಡ್ರಮ್ ಬ್ರೇಕ್ ಬಿಚ್ಚಿ ಕ್ಲೀನ್ ಮಾಡಿ ಹ್ಯಾಂಡ್‌ಬ್ರೇಕ್ ಅಡ್ಜಸ್ಟ್ ಮಾಡಿಕೊಡುತ್ತಾರಾದರೆ ಆ ಹಣ ನ್ಯಾಯ. ಯಾವುದಕ್ಕೆ ಅಂತ ಕೇಳಿ.

ಹುಬ್ಬಳ್ಳಿ, ವ್ಯಾಗನಾರ್:
ನಮ್ಮ ಕಡೆ ಲೇಬರ್ ಕಡಿಮಿ ಐತ್ರಿ, ಮುಂದಿನ ಎರಡೂ ಗಾಲಿಗೆ ಸೇರಿ 300 ತಗೊಂಡ್ರು. ಡಿಸ್ಕ್ ಮ್ಯಾಲೆ ಸಣ್ಣ ಗೆರಿ ಬಿದ್ದಿದ್ವು, ಲೇತ್ ಮಷಿನ್‌ಗೆ ಹಾಕಿಸಿ ಮ್ಯಾಲಿನ ಪದರ ಕೆತ್ತಿಸಿ ಸಾಫ್ ಮಾಡಿಸಿದ್ವಿ. ಗೋಕುಲ ರೋಡ್ ಕಡೆ ಲೇತ್ ಕೆಲಸದವರು ಇದ್ದಾರ. ಹೊಸಾ ಡಿಸ್ಕಿನ ರೊಕ್ಕ ಉಳೀತು.

ತುಮಕೂರು, ಗ್ಯಾರೇಜ್ ನಡೆಸುವವರು:
ಹುಬ್ಬಳ್ಳಿಯವರು ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಲೇತ್ ಹಿಡಿದರೆ ಡಿಸ್ಕ್ ಇನ್ನಷ್ಟು ತೆಳುವಾಗುತ್ತದೆ. ಹಿಡಿದ ಮೇಲೂ ಅಚ್ಚಾದ ಅಂಕಿಗಿಂತ ಮೇಲಿರಬೇಕು. ತೆಳು ಡಿಸ್ಕ್ ಬೇಗ ಕಾಯುತ್ತದೆ, ಘಾಟಿಯಲ್ಲಿ ಅದು ಒಳ್ಳೆಯದಲ್ಲ.

ಮಂಗಳೂರು, ಸ್ವಿಫ್ಟ್:
ನಮ್ಮಲ್ಲಿ ಮಳೆಯೂ ಉಂಟು, ಉಪ್ಪುಗಾಳಿಯೂ ಉಂಟು ಮಾರಾಯ್ರೆ. ಇಲ್ಲಿ ಪ್ಯಾಡ್ ಸವೆಯುವ ಮೊದಲೇ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಸಿಕ್ಕಿಹಾಕಿಕೊಳ್ಳುವುದು ಹೆಚ್ಚು. ಪಿನ್ ಜಾರದಿದ್ದರೆ ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕಿಗೆ ಒತ್ತಿಕೊಂಡೇ ಇರ್ತದೆ. ಆ ಚಕ್ರದ ಪ್ಯಾಡ್ ಮಾತ್ರ ಬೇಗ ಹೋಗ್ತದೆ, ಮೈಲೇಜೂ ಬೀಳ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಹತ್ತಿರ ಮಾತ್ರ ಬಿಸಿ ಗಾಳಿ, ಸುಟ್ಟ ವಾಸನೆ ಬಂದರೆ ಇದೇ. ಕೈಯಿಂದ ಡಿಸ್ಕ್ ಮುಟ್ಟಬೇಡಿ, ಚರ್ಮ ಸುಡ್ತದೆ. ಪಿನ್ನು, ಅದರ ರಬ್ಬರ್ ಬೂಟು (ಮುಸುಕು) ಹೊಸತು ಹಾಕಿಸಲಿಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ನಾನು ಪ್ರತಿ ಮಳೆಗಾಲ ಮುಗಿದ ಮೇಲೆ ಬಿಚ್ಚಿಸಿ ಗ್ರೀಸ್ ಹಾಕಿಸ್ತೇನೆ. ಇದಕ್ಕೆ ಬ್ರೇಕಿನದ್ದೇ ಗ್ರೀಸ್ ಬೇಕು, ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಹಾಳಾಗ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ಹೊರಗೆ ಮಾಡಿಸಿದರೆ ವಾರಂಟಿಗೆ ತೊಂದರೆ ಆಗಲ್ವಾ? ಆನ್‌ಲೈನ್‌ನಲ್ಲಿ 600 ರೂಪಾಯಿಗೂ ಪ್ಯಾಡ್ ಕಾಣ್ತಿದೆ, ಅದು ಹೇಗೆ?

ಮೈಸೂರು, ಹಿಂದೆ ಬಿಡಿಭಾಗಗಳ ಅಂಗಡಿಯಲ್ಲಿದ್ದವರು:
2018ರ ಗಾಡಿಗೆ ವಾರಂಟಿ ಮುಗಿದಿರುತ್ತದೆ. ಹೊಸ ಗಾಡಿಯಾದರೂ ಪ್ಯಾಡ್ ಸವೆಯುವ ಸಾಮಾನು, ಸವೆತಕ್ಕೆ ವಾರಂಟಿ ಕೊಡುವುದಿಲ್ಲ.

600ರ ಪ್ಯಾಡ್ ದಯವಿಟ್ಟು ಬೇಡ. ಹೆಸರೇ ಇಲ್ಲದ ಡಬ್ಬಿಯಲ್ಲಿ ಬರುವ ಪ್ಯಾಡ್ ಎರಡು ತರ ಕೈಕೊಡುತ್ತದೆ. ಕೆಲವು ತೀರಾ ಗಟ್ಟಿ, ಡಿಸ್ಕನ್ನು ಗೀಚಿ ಹಾಕುತ್ತವೆ. ಕೆಲವು ಬಿಸಿಯಾದ ಕೂಡಲೇ ಹಿಡಿತ ಬಿಡುತ್ತವೆ. ಸಿಟಿಯಲ್ಲಿ 40ರ ವೇಗದಲ್ಲಿ ಓಡಾಡುವಾಗ ಎಲ್ಲವೂ ಸರಿಯಾಗೇ ಇರುತ್ತದೆ. ಘಾಟಿಯ ಆರನೆಯದೋ ಏಳನೆಯದೋ ತಿರುವಿನಲ್ಲಿ ಪೆಡಲ್ ಗಟ್ಟಿಯಾಗೇ ಇದ್ದರೂ ಗಾಡಿ ನಿಲ್ಲುವುದಿಲ್ಲ. ಹಿಂದೆ ವಯಸ್ಸಾದ ತಂದೆ ತಾಯಿ ಕೂತಿರುತ್ತಾರೆ. ಉಳಿಯುವ ಸಾವಿರ ರೂಪಾಯಿಗೆ ಈ ಅಪಾಯ ತೆಗೆದುಕೊಳ್ಳಬಾರದು ಅಂತ ಕೈಮುಗಿದು ಕೇಳುತ್ತೇನೆ.

ಹೆಸರಿರುವ ಕಂಪನಿಯ ನಕಲೂ ಬರುತ್ತದೆ. ಡಬ್ಬಿ ಸೀಲ್ ಆಗಿರಬೇಕು, ಎಂಆರ್‌ಪಿ, ಪಾರ್ಟ್ ನಂಬರ್, ತಯಾರಿಸಿದ ತಿಂಗಳು ಅಚ್ಚಾಗಿರಬೇಕು, ಪ್ಯಾಡಿನ ಬೆನ್ನಿನ ತಗಡಿನ ಮೇಲೂ ಕಂಪನಿ ಗುರುತು ಇರಬೇಕು. ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಕೊಡುವುದಿಲ್ಲ ಅಂದರೆ ಆ ಅಂಗಡಿಯಿಂದ ಬ್ರೇಕಿನ ಸಾಮಾನು ಕೊಳ್ಳಬೇಡಿ. ಬಿಲ್ ಬಂದಾಗ ತೆರಿಗೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಇಲ್ಲಿ ಹಳೆ ಬಿಲ್ ನೋಡಿ ರೇಟು ಹೇಳುವವರೂ ಅದನ್ನು ಗಮನದಲ್ಲಿಟ್ಟುಕೊಳ್ಳಿ.

ಬನಶಂಕರಿ, ಕ್ರೆಟಾ:
ದೊಡ್ಡ ಗಾಡಿಯವರಿಗೆ ಉಪಯೋಗ ಆಗಲಿ ಅಂತ ಹೇಳ್ತೀನಿ. ನನಗೆ ಮುಂದಿನ ಪ್ಯಾಡಿಗೆ ಮೂರು ಸಾವಿರದ ಮೇಲಾಯ್ತು, ಹಿಂದೆಯೂ ಡಿಸ್ಕ್ ಇರೋದರಿಂದ ಮುಂದೊಂದು ದಿನ ಆ ಖರ್ಚೂ ಇದೆ. ಲಿವರ್ ಬದಲು ಹ್ಯಾಂಡ್‌ಬ್ರೇಕ್ ಬಟನ್ ಇರೋ (ಮೋಟರ್‌ನಿಂದ ಹಿಡಿಯೋ) ಗಾಡಿಗಳಲ್ಲಿ ಹಿಂದಿನ ಪ್ಯಾಡ್ ಬದಲಿಸೋ ಮೊದಲು ಸ್ಕ್ಯಾನರ್ ಹಾಕಿಯೋ ಬೇರೆ ವಿಧಾನದಲ್ಲೋ ಅದನ್ನು ಸರ್ವಿಸ್ ಮೋಡ್‌ಗೆ ತರಬೇಕು. ಬಲವಂತವಾಗಿ ಪಿಸ್ಟನ್ ಒತ್ತಿದರೆ ಒಳಗಿನ ಮೋಟರ್ ಹಾಳಾಗಬಹುದು. ಆ ಅನುಭವ ಇರೋರ ಹತ್ತಿರವೇ ಹೋಗಿ. ಜರ್ಮನ್ ಕಾರಿರೋ ಸ್ನೇಹಿತರಿಗೆ ಪ್ಯಾಡ್ ಜೊತೆ ಅದರ ಸವೆತ ತಿಳಿಸೋ ಸೆನ್ಸರ್ ವೈರೂ ಸೇರಿ ಹತ್ತು ಸಾವಿರ ದಾಟಿತ್ತು.

ತುಮಕೂರು, ಗ್ಯಾರೇಜ್ ನಡೆಸುವವರು:
ಬ್ರೇಕ್ ಆಯಿಲ್ ಬಗ್ಗೆ ಯಾರೂ ಹೇಳಲಿಲ್ಲ. ಆ 500 ಬಿಡಬೇಡಿ. ಎಷ್ಟು ಕಿ.ಮೀ. ಓಡಿದೆ ಅನ್ನುವುದನ್ನು ಬದಿಗಿಟ್ಟು, ಎರಡು ವರ್ಷ ಆಗಿದ್ದರೆ ಬದಲಿಸಿ. ಅದು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 3, ಡಾಟ್ 4 ಅಂದರೆ ಬ್ರೇಕ್ ಆಯಿಲಿನ ದರ್ಜೆಗಳು. ಡಾಟ್ 4 ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಮೇಲಿನ ಮಿತಿ 155 ಡಿಗ್ರಿ. ಡಾಟ್ 3 ಆದರೆ 205, ನೀರು ಸೇರಿದಾಗ 140. ಘಾಟಿ ಇಳಿಯುವಾಗ ಸತತ ಬ್ರೇಕ್ ಹಿಡಿದರೆ ಆ ಬಿಸಿ ಆಯಿಲಿಗೂ ಹೋಗುತ್ತದೆ. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ಎಷ್ಟೇ ಒಳ್ಳೆಯ ಪ್ಯಾಡ್ ಹಾಕಿದ್ದರೂ ಆಗ ಪ್ರಯೋಜನವಿಲ್ಲ. ನಿಮ್ಮ ಗಾಡಿಗೆ ಯಾವುದು ಅನ್ನುವುದು ಗಾಡಿಯಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ.

ಆಯಿಲ್ ಮಟ್ಟ ಇಳಿದಿದೆ ಅಂತ ಯಾರಾದರೂ ಬರಿದೇ ತುಂಬಿಸಲು ಬಂದರೆ ಬೇಡ ಅನ್ನಿ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬಂದು ಮಟ್ಟ ತಾನಾಗಿ ಇಳಿಯುತ್ತದೆ. ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಮೇಲೆ ಬರುತ್ತದೆ. ತುಂಬಿಸಿಟ್ಟಿದ್ದರೆ ಆಗ ಚೆಲ್ಲಿ ಪೇಂಟ್ ಕಿತ್ತುಹೋಗುತ್ತದೆ. ಮಟ್ಟ ಇಳಿದಿದ್ದೂ ಪ್ಯಾಡ್ ದಪ್ಪವಾಗೇ ಇದ್ದರೆ ಎಲ್ಲೋ ಸೋರುತ್ತಿದೆ, ಅದನ್ನು ಮೊದಲು ಹುಡುಕಿಸಿ.

ಕೆಲಸ ಮುಗಿದು ಗಾಡಿ ಕೈಗೆ ಬಂದ ಕೂಡಲೇ, ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಹಿಂದಕ್ಕೆ ಹೋದ ಪಿಸ್ಟನ್ ಮುಂದೆ ಬಂದು ಪ್ಯಾಡಿಗೆ ತಾಗುವವರೆಗೆ ಬ್ರೇಕೇ ಇರುವುದಿಲ್ಲ. ಮೆಕ್ಯಾನಿಕ್ ಮಾಡಿರುತ್ತಾನೆ, ಆದರೂ ನೀವೊಮ್ಮೆ ನೋಡಿ. ಹಳೆ ಪ್ಯಾಡನ್ನು ಕೇಳಿ ತೆಗೆದುಕೊಳ್ಳಿ.

ಚಿಕ್ಕಮಗಳೂರು, ಟಿಯಾಗೊ:
ನಾವು ಚಾರ್ಮಾಡಿ ಘಾಟಿಯಲ್ಲಿ ಓಡಾಡೋರು. ಪ್ಯಾಡ್ ಹಾಕಿಸಿದ ಮಾರನೇ ದಿನವೇ ಘಾಟಿಗೆ ಬರಬೇಡಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು 200-300 ಕಿ.ಮೀ. ಬೇಕು, ಅಷ್ಟು ಬೆಂಗಳೂರಲ್ಲೇ ಓಡಿಸಿ, ಜೋರಾಗಿ ಬ್ರೇಕ್ ಒತ್ತದೆ ನಿಧಾನಕ್ಕೆ ಹಿಡೀರಿ. ನಿಮಗೆ ಇನ್ನೂ ಒಂದು ತಿಂಗಳು ಇದೆ, ಈ ವಾರವೇ ಮಾಡಿಸಿ.

ಚಾರ್ಮಾಡಿ ಮೇಲೆ ಬಂದರೆ, ಘಾಟಿಯ ಮೇಲಿನ ಊರು ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾದ ಕೂಡಲೇ ಎರಡನೇ ಗೇರಿಗೆ ಬನ್ನಿ. ಗಾಡಿಯ ವೇಗವನ್ನು ಎಂಜಿನ್ನೇ ಹಿಡಿದಿಡುತ್ತೆ. ತಿರುವಿಗೆ ಮುಂಚೆ ಒಂದು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದು ಕಾಲು ಪೂರ್ತಿ ಬಿಡಿ, ಬ್ರೇಕ್ ಮೇಲೆ ಕಾಲಿಟ್ಟು ಸವರಿಕೊಂಡೇ ಇಳಿಯಬೇಡಿ. ನ್ಯೂಟ್ರಲ್‌ನಲ್ಲಂತೂ ಇಳಿಯಲೇಬೇಡಿ. ಸುಟ್ಟ ವಾಸನೆ ಬಂದರೆ ಅಗಲ ಇರೋ ಕಡೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಬಿಸಿ ಡಿಸ್ಕಿನ ಮೇಲೆ ನೀರು ಮಾತ್ರ ಸುರಿಯಬೇಡಿ, ಸೊಟ್ಟಗಾಗುತ್ತೆ.

ತುಮಕೂರು, ಗ್ಯಾರೇಜ್ ನಡೆಸುವವರು:
ಚಿಕ್ಕಮಗಳೂರಿನವರು ಹೇಳಿದ್ದು ಸರಿ. ಡಿಸ್ಕಿನ ಅಳತೆ ಎಷ್ಟು ಬಂತು ಅಂತ ಇಲ್ಲೇ ಹಾಕಿ ಸರ್, ಅಚ್ಚಾದ ಅಂಕಿಯ ಜೊತೆಗೆ. ಹಾಕಬೇಕೋ ಬೇಡವೋ ನೋಡಿ ಹೇಳುತ್ತೇನೆ. ಹಾಕದೆ ನಡೆಯುತ್ತದೆ ಅಂತಾದರೆ ಹೊರಗಡೆ ಕಂಪನಿ ಪ್ಯಾಡು, ಆಯಿಲು, ಲೇಬರು ಎಲ್ಲ ಸೇರಿ ಮೂರೂವರೆ ಸಾವಿರದ ಒಳಗೆ ಮುಗಿಯಬೇಕು.