ದೀಪ ಹಸಿರು, ಪಿಂಗ್ ಬರುತ್ತಿದೆ, ಆದರೂ ನಾಲ್ಕನೇ ಮೋಟರ್ ತಿರುಗುತ್ತಿಲ್ಲ

ಪ್ರಶ್ನೆ:
ಒಂದು ಪಿಎಲ್‌ಸಿಗೆ (ಮಷೀನ್ ನಡೆಸುವ ಕಂಟ್ರೋಲರ್) ಪ್ರೊಫಿನೆಟ್ ಎಂಬ ಈಥರ್ನೆಟ್ ನೆಟ್‌ವರ್ಕ್‌ನಲ್ಲಿ ನಾಲ್ಕು ಡ್ರೈವ್ (ಮೋಟರ್ ಸ್ಪೀಡ್ ನಿಯಂತ್ರಿಸುವ ಸಾಧನ) ಜೋಡಿಸಿದ್ದೇನೆ. ಮೂರು ಕನ್ವೇಯರ್‌ಗೆ, ಒಂದು ಕೂಲಿಂಗ್ ಫ್ಯಾನ್‌ಗೆ. ಎಲ್ಲಕ್ಕೂ ಟೆಲಿಗ್ರಾಂ 1, ಅಂದರೆ ಡ್ರೈವ್‌ಗೆ ಕಂಟ್ರೋಲ್ ವರ್ಡ್ (ಆದೇಶ) ಮತ್ತು ಸ್ಪೀಡ್ ಹೋಗುತ್ತದೆ, ಅದರಿಂದ ಸ್ಟೇಟಸ್ ವರ್ಡ್ (ಸ್ಥಿತಿ) ಮತ್ತು ಸ್ಪೀಡ್ ಬರುತ್ತದೆ. ಕನ್ವೇಯರ್‌ಗಳು ಚೆನ್ನಾಗಿ ಓಡುತ್ತಿವೆ. ಫ್ಯಾನ್ ಮಾತ್ರ ಅಲ್ಲಾಡುವುದಿಲ್ಲ. ಅದು ಸದಾ ಓಡಬೇಕಾದ್ದರಿಂದ ಸ್ಟಾರ್ಟ್ ಬಟನ್ ಇಟ್ಟಿಲ್ಲ, ಪ್ರೋಗ್ರಾಂನಲ್ಲೇ ಸದಾ 047ಎಫ್ (ಹೆಕ್ಸ್‌ನಲ್ಲಿ ‘ಓಡು’ ಎಂಬ ಕಂಟ್ರೋಲ್ ವರ್ಡ್) ಕಳಿಸುತ್ತಿದ್ದೇನೆ. ಸ್ಪೀಡ್‌ಗೆ 16384, ಅಂದರೆ 100%. ಕೇಬಲ್ ಎರಡು ಸಲ ಬದಲಾಯಿಸಿದೆ. ಡ್ರೈವ್‌ನ ಪ್ಯಾನೆಲ್‌ನಿಂದ ಲೋಕಲ್ ಆಗಿ ಓಡಿಸಿದರೆ ಓಡುತ್ತದೆ. ಎರಡು ದಿನದಿಂದ ಇದರ ಮುಂದೆಯೇ ಕೂತಿದ್ದೇನೆ.

ಉತ್ತರ 1:
ಡಿವೈಸ್ ನೇಮ್ ನೋಡಿದಿರಾ? ಪ್ರೊಫಿನೆಟ್ ಡ್ರೈವ್ ಅನ್ನು ಹೆಸರಿನಿಂದ ಹುಡುಕುತ್ತದೆ. ಪಿಂಗ್ ಬಂದರೂ (ಐಪಿ ವಿಳಾಸದಿಂದ ಉತ್ತರ ಸಿಕ್ಕರೂ) ಹೆಸರು ತಪ್ಪಿದ್ದರೆ ಕನೆಕ್ಷನ್ ಆಗುವುದಿಲ್ಲ.

ಉತ್ತರ 2:
ಹೆಸರು ತಪ್ಪಿದ್ದರೆ ಪಿಎಲ್‌ಸಿಯಲ್ಲಿ ಕೆಂಪು ದೀಪ ಬರುತ್ತಿತ್ತು. ನೆಟ್‌ವರ್ಕ್ ಸರಿಯಾಗಿಯೇ ಇದೆ, ಕೇಬಲ್ ಬಿಟ್ಟುಬಿಡಿ. ಸ್ಟೇಟಸ್ ವರ್ಡ್‌ನ 6ನೇ ಬಿಟ್ ಎಷ್ಟಿದೆ ಹೇಳಿ. ಇನ್‌ಪುಟ್ ವಿಳಾಸ ಐಡಬ್ಲ್ಯು256 (256, 257 ಎಂಬ ಎರಡು ಬೈಟ್) ಆಗಿದ್ದರೆ ಆ ಬಿಟ್ ಐ257.6ರಲ್ಲಿ ಸಿಗುತ್ತದೆ, ಐ256.6ರಲ್ಲಿ ಅಲ್ಲ. ನಾನೂ ಮೊದಲು ತಪ್ಪು ಬೈಟ್ ನೋಡಿ ಒಂದು ಇಡೀ ರಾತ್ರಿ ಕಳೆದಿದ್ದೇನೆ.

ಪ್ರಶ್ನೆ ಕೇಳಿದವರು:
ಸರ್, 257.6 ಆನ್ ಆಗಿದೆ. ಫಾಲ್ಟ್ ಬಿಟ್ ಆಫ್.

ಉತ್ತರ 2:
ಹಾಗಿದ್ದರೆ ಡ್ರೈವ್ ‘ಸ್ವಿಚ್ ಆನ್ ತಡೆ’ ಸ್ಥಿತಿಯಲ್ಲಿದೆ. ಪ್ರೊಫಿಡ್ರೈವ್ (ಡ್ರೈವ್‌ಗಳ ಸಾಮಾನ್ಯ ಮಾನದಂಡ) ನಿಯಮದಲ್ಲಿ ಡ್ರೈವ್ ನೋಡುವುದು ಕಂಟ್ರೋಲ್ ವರ್ಡ್‌ನ 0ನೇ ಬಿಟ್ 0ಯಿಂದ 1ಕ್ಕೆ ಏರುವುದನ್ನು. ಮೊದಲಿನಿಂದಲೇ 1 ಇದ್ದರೆ ಅದಕ್ಕೆ ಸ್ಟಾರ್ಟ್ ಸಿಕ್ಕಿಲ್ಲ ಎಂದೇ ಅರ್ಥ. ಇದು ಬೇಕೆಂದೇ ಮಾಡಿದ ವ್ಯವಸ್ಥೆ. ಕರೆಂಟ್ ಹೋಗಿ ಬಂದ ಕೂಡಲೇ ಮೋಟರ್ ತಾನಾಗಿ ತಿರುಗಬಾರದು, ಅಲ್ವಾ?

ಕನ್ವೇಯರ್‌ಗಳಿಗೆ ಸ್ಟಾಪ್, ಸ್ಟಾರ್ಟ್ ಬಟನ್ ಇರುವುದರಿಂದ ಆ ಏರಿಕೆ ತಾನಾಗಿ ಸಿಗುತ್ತಿದೆ. ಫ್ಯಾನ್‌ಗೆ ನೀವೇ ಕೊಡಬೇಕು. ಮೊದಲು 047ಇ ಕಳಿಸಿ, ಅದರಲ್ಲಿ 0ನೇ ಬಿಟ್ 0. ಸ್ಟೇಟಸ್‌ನ 0ನೇ ಬಿಟ್ (‘ಸ್ವಿಚ್ ಆನ್‌ಗೆ ಸಿದ್ಧ’) 1 ಆಗುವವರೆಗೆ ಕಾಯಿರಿ. ಆಮೇಲೆ 047ಎಫ್. ಸುಮ್ನೆ ಎರಡು ಸೆಕೆಂಡ್ ಟೈಮರ್ ಹಾಕಿ ಬಿಡಬೇಡಿ, ಬಿಟ್ ನೋಡಿಯೇ ಮುಂದೆ ಹೋಗಿ. ಫಾಲ್ಟ್ ಬಂದರೂ ಮತ್ತೆ 047ಇಗೆ ವಾಪಸ್ ಬರಬೇಕು, ಇಲ್ಲದಿದ್ದರೆ ರಿಸೆಟ್ ಆದ ಮೇಲೂ ಇದೇ ಕಥೆ.

ಉತ್ತರ 3:
ಈಗ ಫ್ಯಾನ್ ತಾನಾಗಿ ಶುರುವಾಗುತ್ತದೆ ಎನ್ನುವುದನ್ನು ಮರೆಯಬೇಡಿ. ಯಾರಾದರೂ ಬ್ಲೇಡ್ ಹತ್ತಿರ ಕೈ ಹಾಕಿದಾಗ ಕರೆಂಟ್ ವಾಪಸ್ ಬಂದರೆ? ಗಾರ್ಡ್ ಹಾಕಿ. ಎಮರ್ಜೆನ್ಸಿ ಸ್ಟಾಪನ್ನು ಕಂಟ್ರೋಲ್ ವರ್ಡ್ ಮೇಲೆ ನಂಬಿ ಬಿಡಬೇಡಿ, ಡ್ರೈವ್‌ನ ಎಸ್‌ಟಿಒ (ಮೋಟರ್‌ನ ತಿರುಗುವ ಬಲ ಕಡಿಯುವ ಸೇಫ್ಟಿ ಇನ್‌ಪುಟ್) ಟರ್ಮಿನಲ್‌ಗೆ ಸೇಫ್ಟಿ ರಿಲೇಯಿಂದ ವೈರ್ ತನ್ನಿ.

ಇನ್ನೊಂದು ಪರೀಕ್ಷೆ ಮಾಡಿ. ಮೋಟರ್ ಓಡುವಾಗ ಈಥರ್ನೆಟ್ ಕೇಬಲ್ ಕಿತ್ತು ನೋಡಿ. ಡ್ರೈವ್ ಟ್ರಿಪ್ ಆಗಬೇಕು (ಫಾಲ್ಟ್ ತೋರಿಸಿ ನಿಲ್ಲಬೇಕು). ಮಾಡ್‌ಬಸ್ ಟಿಸಿಪಿ ಎಂಬ ಇನ್ನೊಂದು ಈಥರ್ನೆಟ್ ಪದ್ಧತಿಯಲ್ಲಿ ನಾನು ಹಾಕಿದ ಒಂದು ಡ್ರೈವ್‌ನಲ್ಲಿ, ಸಂಪರ್ಕ ಕಡಿದರೆ ಟ್ರಿಪ್ ಮಾಡುವ ಟೈಮ್‌ಔಟ್ ಸೆಟ್ಟಿಂಗ್ ಆಫ್ ಇತ್ತು. ಕೇಬಲ್ ಕಿತ್ತರೂ ಮೋಟರ್ ಹಳೆಯ ಸ್ಪೀಡ್‌ನಲ್ಲೇ ಓಡುತ್ತಿತ್ತು. ಅವತ್ತು ಕೈಕಾಲು ತಣ್ಣಗಾಗಿತ್ತು. ಅಂದಿನಿಂದ ಈ ಪರೀಕ್ಷೆ ಮಾಡದೆ ಯಾವ ಮಷೀನೂ ಒಪ್ಪಿಸುವುದಿಲ್ಲ.

ಪ್ರಶ್ನೆ ಕೇಳಿದವರು:
ಓಡಿತು ಸರ್! 047ಇ ಹಾಕಿದ ಕೂಡಲೇ 257.6 ಆಫ್ ಆಯಿತು, 257.0 ಬಂತು. ಕೇಬಲ್ ಕಿತ್ತಾಗ ನಾಲ್ಕೂ ಟ್ರಿಪ್ ಆದವು. ಎಸ್‌ಟಿಒ ಟರ್ಮಿನಲ್‌ನಲ್ಲಿ ಮಾತ್ರ ಇನ್ನೂ ಜಂಪರ್ (ಆ ಸೇಫ್ಟಿಯನ್ನು ಬೈಪಾಸ್ ಮಾಡುವ ತುಂಡು ವೈರ್) ಇದೆ. ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ. ಅಲ್ಲಿಯವರೆಗೆ ಫ್ಯಾನ್‌ನ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದ್ದೇನೆ.