‘ಏಳೇ ದಿನದಲ್ಲಿ ನಾಯಿಮರಿಗೆ ಶಿಸ್ತು’: ಒಂದು ಫಾರ್ವರ್ಡ್ ಸುತ್ತ

ರಾಘವೇಂದ್ರ: (ಫಾರ್ವರ್ಡ್) “ಸಣ್ಣ ಜಾತಿ ನಾಯಿಮರಿ ಏಳೇ ದಿನದಲ್ಲಿ ಮನೆಯೊಳಗೆ ಗಲೀಜು ಮಾಡೋದು ನಿಲ್ಲಿಸುತ್ತದೆ! ಗಲೀಜು ಮಾಡಿದಲ್ಲಿಗೆ ಮೂತಿ ಉಜ್ಜಿ ಗದರಿ. ಸಂಜೆ 5ರ ಮೇಲೆ ನೀರು ಕೊಡಬೇಡಿ. ವಾಕಿಂಗಿಗೆ ಕುತ್ತಿಗೆ ಬೆಲ್ಟಿಗೆ, ಪ್ಲಾಸ್ಟಿಕ್ ಹಿಡಿಯೊಳಗಿಂದ ಉದ್ದಕ್ಕೆ ಬಿಚ್ಚಿಕೊಂಡು ಮತ್ತೆ ಸುತ್ತಿಕೊಳ್ಳುವ ಹಗ್ಗ ಹಾಕಿ. ಎಲ್ಲರಿಗೂ ಹಂಚಿ.”

ಕಾವ್ಯ: ಮಾವ, ದಯವಿಟ್ಟು ಇದನ್ನ ಮುಂದೆ ಕಳಿಸಬೇಡಿ. ಮೂರೂ ತಪ್ಪು. ಮೂತಿ ಉಜ್ಜಿದ್ರೆ ಮರಿ ಕಲಿಯೋದು “ಇವರ ಕಣ್ಣೆದುರು ಮಾಡಿದ್ರೆ ಅಪಾಯ” ಅಂತ. ಆಮೇಲೆ ಮಂಚದ ಕೆಳಗೆ, ಸೋಫಾ ಹಿಂದೆ ಹೋಗಿ ಮಾಡತ್ತೆ. ಹೊರಗೆ ಕರ್ಕೊಂಡು ಹೋದ್ರೂ ನಿಮ್ಮ ಮುಂದೆ ತಡೆದುಕೊಂಡೇ ಇದ್ದು, ಒಳಗೆ ಬಂದು ಬಿಡತ್ತೆ.

ರಾಘವೇಂದ್ರ: ತಪ್ಪು ಮಾಡಿದ್ದು ಅದಕ್ಕೇ ಗೊತ್ತಿರತ್ತೆ ಕಣಮ್ಮ. ಕಿವಿ ಮಡಚಿ, ತಲೆ ತಗ್ಗಿಸಿ ಕೂತಿರಲ್ವಾ?

ಕಾವ್ಯ: ಅದು ನಿಮ್ಮ ದನಿಗೆ ಹೆದರಿದ್ದು. 2009ರಲ್ಲಿ ನಾಯಿಗಳ ವರ್ತನೆ ಅಧ್ಯಯನ ಮಾಡೋ ಅಲೆಕ್ಸಾಂಡ್ರಾ ಹೊರೊವಿಟ್ಸ್ ಇದನ್ನೇ ಪರೀಕ್ಷೆ ಮಾಡಿದ್ರು. ತಪ್ಪೇ ಮಾಡದ ನಾಯಿಗಳೂ ಗದರಿಸಿಕೊಂಡಾಗ ಅದೇ ಮುಖ ಮಾಡಿದ್ವು.
ನಿಜವಾಗಿ ಫಲ ಕೊಡೋದು ಸರಿಯಾದ ಸಮಯಕ್ಕೆ ಕರ್ಕೊಂಡು ಹೋಗೋದು. ಎರಡು ತಿಂಗಳ ಮರಿ ಹಗಲಲ್ಲಿ ಒಂದರಿಂದ ಎರಡು ಗಂಟೆ ತಡೆದರೆ ಹೆಚ್ಚು. ಸಣ್ಣ ಜಾತಿಗೆ ಮೂತ್ರಕೋಶವೂ ಸಣ್ಣದು. ಎದ್ದ ತಕ್ಷಣ, ಆಟ ಮುಗಿದ ಮೇಲೆ, ಊಟವಾಗಿ 10–20 ನಿಮಿಷಕ್ಕೆ, ಮಲಗೋ ಮುಂಚೆ, ಒಂದೇ ಜಾಗಕ್ಕೆ ಹಗ್ಗ ಹಾಕಿ ಕರ್ಕೊಂಡು ಹೋಗಿ 5 ನಿಮಿಷ ಮಾತಾಡದೆ ನಿಂತ್ಕೋಬೇಕು. ಮುಗಿಸಿದ ಎರಡೇ ಸೆಕೆಂಡಲ್ಲಿ, ಅಲ್ಲೇ, ಕಡಲೆಕಾಳಿನಷ್ಟು ತಿಂಡಿ. ಒಳಗೆ ಬಂದು ಕೊಟ್ರೆ ಅದು ಒಳಗೆ ಬಂದಿದ್ದಕ್ಕೆ ಸಿಕ್ಕ ಬಹುಮಾನ ಆಗತ್ತೆ. ಮಾಡಲಿಲ್ಲ ಅಂದ್ರೆ ಒಳಗೆ ಕಾಲ ಹತ್ರಾನೇ ಕಟ್ಟಿಕೊಂಡು, 10 ನಿಮಿಷ ಬಿಟ್ಟು ಮತ್ತೆ ಹೋಗೋದು.

ಸುಮಾ: ಹೊರಗೆ ಹೊರಗೆ ಅಂತೀಯಲ್ಲ, ಲಸಿಕೆ ಮುಗಿಯೋವರೆಗೂ ನೆಲಕ್ಕೆ ಬಿಡಬಾರದಲ್ವಾ? ಮನೆಯೊಳಗೇ ಮೂತ್ರ ಹೀರೋ ಪ್ಯಾಡ್ ಇಟ್ರೆ ಸಾಕು.

ಪ್ರದೀಪ: ಅರ್ಧ ಸರಿ ಅಮ್ಮ. ಮರಿಗಳಿಗೆ ಜೀವಕ್ಕೇ ಅಪಾಯ ತರೋ ವಾಂತಿ-ಭೇದಿಯ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯತ್ತೆ. ಲಸಿಕೆ 6–8 ವಾರಕ್ಕೆ ಶುರುವಾಗಿ, 2–4 ವಾರಕ್ಕೊಂದರಂತೆ 16 ವಾರದವರೆಗೂ ನಡೆಯತ್ತೆ. ಅಲ್ಲಿವರೆಗೆ ಬೇರೆ ನಾಯಿ ಬರದ ಅಂಗಳ ಅಥವಾ ತಾರಸಿ. ರಸ್ತೆಗೆ ಎತ್ಕೊಂಡು ಮಾತ್ರ. ಆದ್ರೆ ಪ್ಯಾಡ್ ಅಭ್ಯಾಸ ಆದ ಮರಿಗೆ ಮೆತ್ತಗಿರೋದೆಲ್ಲ ಪ್ಯಾಡೇ. ಕಾಲೊರಸೇ ಮೊದಲು ಹಾಳಾಗತ್ತೆ.

ಸುಮಾ: ರಾತ್ರಿ ಮೂರು ಮಹಡಿ ಇಳಿಯೋಕಾಗದ ವಯಸ್ಸಾದವರು ಏನು ಮಾಡಬೇಕು? ಐದು ಕೆಜಿ ನಾಯಿಗೆ ಬಾಲ್ಕನಿಯಲ್ಲಿ ಹುಲ್ಲಿನ ಟ್ರೇ ಯಾಕಾಗಬಾರದು?

ಪ್ರದೀಪ: ಆಗತ್ತೆ. ಒಂದೇ ಜಾಗ, ಕೊನೇವರೆಗೂ ಅದೇ ಇರಲಿ. ಬಾಲ್ಕನಿ ಸರಳುಗಳಿಗೆ ಬಲೆ ಕಟ್ಟಿರಬೇಕು, ತಲೆ ತೂರೋ ಸಂದಿಯಲ್ಲಿ ಮರಿಯ ಮೈಯೂ ತೂರತ್ತೆ. ಗೇಟಿಗೂ ಇದೇ ಮಾತು.

ಕಾವ್ಯ: ಒರೆಸೋಕೆ ಅಮೋನಿಯಾ ಇರೋ ದ್ರಾವಣ ಬೇಡ ದೊಡ್ಡಮ್ಮ, ಅದರ ವಾಸನೆ ಮೂತ್ರದ್ದೇ ಥರ, ಮತ್ತೆ ಅಲ್ಲಿಗೇ ಕರೆಯತ್ತೆ. ಮೂತ್ರದ ವಾಸನೆಯನ್ನ ಬುಡದಿಂದ ಒಡೆಯೋ ಎಂಜೈಮ್ ದ್ರಾವಣ ಸುರಿದು 10–15 ನಿಮಿಷ ಒದ್ದೆಯಾಗೇ ಬಿಡಬೇಕು. ತಕ್ಷಣ ಒರೆಸಿಬಿಟ್ರೆ ಏನೂ ಉಪಯೋಗ ಇಲ್ಲ.

ರಾಘವೇಂದ್ರ: ನೀರಿನ ಮಾತಾದ್ರೂ ಸರಿ ಇದೆಯಲ್ಲ?

ಕಾವ್ಯ: ಇಲ್ಲ ಮಾವ. ಅಷ್ಟು ಸಣ್ಣ ಮೈ ಬೇಗ ಒಣಗಿಹೋಗತ್ತೆ. ಮಲಗೋಕೆ ಒಂದು ಗಂಟೆ ಮುಂಚೆ ಬಟ್ಟಲು ಎತ್ತಿಟ್ರೆ ಸಾಕು, ಮಧ್ಯರಾತ್ರಿ ಒಂದು ಸಲ ಎದ್ದು ಕರ್ಕೊಂಡು ಹೋಗಬೇಕು.

ಪ್ರದೀಪ: ಆ ಹಗ್ಗದ ಸಲಹೆ ಎಲ್ಲಕ್ಕಿಂತ ಕೆಟ್ಟದ್ದು. ಐದು ಮೀಟರ್ ಆಚೆ ಇರೋ ನಾಯಿಯನ್ನ ಗಾಡಿ ಬಂದಾಗ ಎಳ್ಕೊಳ್ಳೋಕಾಗಲ್ಲ. ಕೈ ಜಾರಿದ್ರೆ ಪ್ಲಾಸ್ಟಿಕ್ ಹಿಡಿ ದಡದಡ ಅಂತ ನಾಯಿಯ ಹಿಂದೇನೇ ಬರತ್ತೆ, ಅದು ಹೆದರಿ ಇನ್ನೂ ಓಡತ್ತೆ. ಪೊಮೆರೇನಿಯನ್, ಯಾರ್ಕಿ, ಚಿವಾವಾ ಥರದ ಸಣ್ಣ ಜಾತಿಗಳಿಗೆ ಶ್ವಾಸನಾಳ ಕುಸಿಯೋ ತೊಂದರೆ ಹೆಚ್ಚು. ಬೆಲ್ಟ್ ಎಳೆದಾಗ ಬಾತು ಕೂಗಿದ ಹಾಗೆ ಕೆಮ್ಮತ್ತವೆ. ಕುತ್ತಿಗೆ ಬೆಲ್ಟಿನ ಬದಲು ಹಾರ್ನೆಸ್ (ಎದೆ ಸುತ್ತ ಹಾಕೋ ಪಟ್ಟಿ), ಐದಾರಡಿಯ ಮಾಮೂಲಿ ಹಗ್ಗ. ಪಟ್ಟಿ ಕೆಳಗೆ ಎರಡು ಬೆರಳು ಹೋಗಬೇಕು, ಮೂರು ಹೋಗಬಾರದು. ಹಾಕಿದ ಮೇಲೆ ಮುಂದೆ ನಿಂತು ಮೆಲ್ಲಗೆ ನಿಮ್ಮ ಕಡೆ ಎಳೆದು ನೋಡಿ. ಹೆದರಿದ ನಾಯಿ ಹಿಂದಕ್ಕೆ ಸರಿದೇ ತಲೆ ಬಿಡಿಸ್ಕೊಳ್ಳೋದು.

ಸುಮಾ: ದೊಡ್ಡ ನಾಯಿ ಬಂದ್ರೆ ಎತ್ಕೊಂಡುಬಿಡೋದು ಒಳ್ಳೇದು.

ಪ್ರದೀಪ: ದೂರ ಇದ್ದಾಗಲೇ ಎತ್ತಿಕೊಂಡು ಪಕ್ಕಕ್ಕೆ ತಿರುಗಿ ನಡೆದುಬಿಟ್ರೆ ಸರಿ. ಹತ್ತಿರ ಬಂದ ಮೇಲೆ ಗಾಬರಿಯಿಂದ ಮೇಲೆತ್ತಿದ್ರೆ ಆ ದೊಡ್ಡ ನಾಯಿ ನಿಮ್ಮ ಮೇಲೇ ಹಾರತ್ತೆ. ಆಗ ಎತ್ತದೆ, ಎರಡರ ಮಧ್ಯೆ ನೀವು ನಿಂತ್ಕೋಬೇಕು.

ಸುಮಾ: ಆ ಕ್ಷಣದಲ್ಲಿ ಅಷ್ಟು ಯೋಚಿಸೋಕಾಗಲ್ಲಪ್ಪ. ಕೈ ತಾನಾಗೇ ಎತ್ತತ್ತೆ.

ಪ್ರದೀಪ: ಅದಕ್ಕೇ ಮೊದಲೇ ಕಣ್ಣಿಡಬೇಕು ಅಮ್ಮ, ಫೋನ್ ಜೇಬಲ್ಲಿರಲಿ. ಬಿಸಿಲಲ್ಲಿ ಹೊರಡೋ ಮುಂಚೆ ಅಂಗೈ ಹಿಂಭಾಗ ರಸ್ತೆ ಮೇಲಿಡಿ. 7 ಸೆಕೆಂಡ್ ಇಡೋಕಾಗದಿದ್ರೆ ಅದರ ಪಾದವೂ ಸುಡತ್ತೆ.

ರಾಘವೇಂದ್ರ: ಸರಿ, ಗುಂಪಿಂದ ಅಳಿಸಿದೀನಿ. ಚೆನ್ನಾಗಿ ಕಲಿತ ನಾಯಿ ತಿಂಗಳುಗಳಾದ ಮೇಲೆ ಮತ್ತೆ ಶುರು ಮಾಡಿದ್ರೆ? ಆಗಲೂ ಗದರಬಾರದಾ?

ಕಾವ್ಯ: ಆಗಂತೂ ಬೇಡವೇ ಬೇಡ. ಪದೇ ಪದೇ ಹನಿ ಹನಿಯಾಗಿ ಮಾಡಿದ್ರೆ, ಕೆಂಪಗಿದ್ರೆ ಮೂತ್ರದ ಸೋಂಕಿರಬಹುದು. ಬೆಳಗಿನ ಮೂತ್ರ ಚೊಕ್ಕ ಡಬ್ಬಿಯಲ್ಲಿ ಹಿಡಿದು ಅವತ್ತೇ ಡಾಕ್ಟರ್ ಹತ್ರ ಒಯ್ಯಿರಿ. ಮತ್ತೆ ಮತ್ತೆ ಕೂತು ಏನೂ ಬರದೆ ತಿಣುಕುತ್ತಿದ್ರೆ ಡಬ್ಬಿಗೆ ಕಾಯಬೇಡಿ, ಆಗಲೇ ಹೊರಡಿ.